ಮ್ಯಾನೇಜರರ ಮಗಳು ನಮ್ಮ ಚಾಳಿಗೆ ಬಂದ ದಿನ

ದಾಂಡೇಲಿಯಲ್ಲಿ ನಮ್ಮ ಕಾರ್ಖಾನೆಯ ಮುಷ್ಕರ ಮೂರನೆಯ ವಾರಕ್ಕೆ ಕಾಲಿಟ್ಟಿತ್ತು. ನನಗಾಗ ಹದಿನಾರು. ಬಾಯ್ಲರಿನಲ್ಲಿ ಕೆಲಸಕ್ಕಿದ್ದ ಅಣ್ಣನೇ ಮುಷ್ಕರದ ಮುಂದಾಳು. ಗೇಟಿನೆದುರು ಅವನು ಮಾತಾಡಲು ನಿಂತರೆ ಜನ ಕೈಯಲ್ಲಿನ ಬೀಡಿ ಆರಿದ್ದನ್ನೂ ಮರೆತು ಕೇಳುತ್ತಿದ್ದರು.

ಆ ಭಾನುವಾರ ಅವ್ವನನ್ನು ಹಠಮಾಡಿ ಮ್ಯಾಟಿನಿಗೆ ಎಳೆದೊಯ್ದೆ. ಮಿಲ್ ಮಾಲೀಕನ ಮಗಳು ಕೂಲಿಯವನನ್ನು ಮೆಚ್ಚುವ ಹಿಂದಿ ಸಿನಿಮಾ. ನಾವಿದ್ದ ಕಾರ್ಮಿಕರ ಚಾಳಿನ ಅರ್ಧ ಜನ ಅಲ್ಲಿದ್ದರು. ಕೊನೆಗೆ ಹುಡುಗಿ ಕಾರಿನಿಂದಿಳಿದು ಮುಷ್ಕರದವರ ಸಾಲಿನಲ್ಲಿ ನಿಂತಾಗ, ಅಣ್ಣನ ಜೀವದ ಗೆಳೆಯ, ನಮ್ಮ ಪಕ್ಕದ ಮನೆಯವನು, ಎದ್ದು ನಿಂತು ಶಿಳ್ಳೆ ಹಾಕಿದ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮನೆಗೆ ಬಂದರೆ ಚಾಪೆಯ ಮೇಲೆ, ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡು, ಕಾರ್ಖಾನೆಯ ಮ್ಯಾನೇಜರರ ಮಗಳು ಕೂತಿದ್ದಳು. ನನಗೆ ಹೊಲಿಗೆ ಕಲಿಸುತ್ತಿದ್ದ ಅಕ್ಕೋರು!

"ಹಳಿಯಾಳದಾಗ ಗುಡಿಯಾಗ ಲಗ್ನ ಆಗಿ ಬಂದೇವವ್ವಾ," ಎಂದ ಅವಳ ಪಕ್ಕದಲ್ಲಿ ನಿಂತಿದ್ದ ಅಣ್ಣ.

ವರ್ಷವಿಡೀ ಹೊಲಿಗೆ ಕ್ಲಾಸಿನ ಬಾಗಿಲಲ್ಲಿ ಅವನು ಕಾಯುತ್ತಿದ್ದದ್ದು ನನ್ನನ್ನು ಕರೆದೊಯ್ಯಲೆಂದೇ ನಾನು ನಂಬಿದ್ದೆ.

ಅವ್ವ ಹೊಸ್ತಿಲ ಹೊರಗೇ ಕುಸಿದು ಕೂತಳು. "ಎದ್ದು ನಿಮ್ಮ ಬಂಗಲೆಗೆ ಹೋಗವಾ. ನಮ್ಮ ಅನ್ನಕ್ಕ ಕಲ್ಲು ಹಾಕಬ್ಯಾಡ."

"ಇನ್ನ ಅಲ್ಲಿಗೆ ಹೋಗಲಿಕ್ಕೆ ಆಗೂದಿಲ್ರಿ. ಅಪ್ಪಗ ಚೀಟಿ ಬರದಿಟ್ಟು ಬಂದೇನಿ."

ಸ್ವಲ್ಪ ಹೊತ್ತಿಗೆ ಚಾಳಿನವರೆಲ್ಲ ಬಾಗಿಲಿಗೆ ಬಂದರು. ಹರಸಲು ಬಂದರೆಂದುಕೊಂಡು ನಾನು ಸಕ್ಕರೆ ಡಬ್ಬಿ ಹುಡುಕತೊಡಗಿದೆ.

"ನಮ್ಮ ಮಾತು ಎಷ್ಟ ದಿವಸದಿಂದ ಬಂಗಲೆಗೆ ಮುಟ್ಟಸಾಕತ್ತಿ?" ಎಂದು ಪಕ್ಕದ ಮನೆಯವನು ಅಣ್ಣನನ್ನು ಕೇಳಿದ.

ಅಣ್ಣ ನಕ್ಕ, ಚೇಷ್ಟೆಯೆಂದು ತಿಳಿದು. ಗೆಳೆಯ ಕೈ ಚಾಚಿ ಅಣ್ಣನ ಎದೆಯ ಮೇಲಿದ್ದ ಕಾರ್ಮಿಕ ಸಂಘದ ಕೆಂಪು ಬಿಲ್ಲೆಯನ್ನು ಕಿತ್ತ. ಅಂಗಿಯೂ ಹರಿಯಿತು. ಒಬ್ಬರೂ "ಬಿಡೋ" ಎನ್ನಲಿಲ್ಲ. ಒಂದು ತಾಸಿನ ಹಿಂದೆ ನನ್ನ ಪಕ್ಕದಲ್ಲಿ ಕೂತು ಅತ್ತ ಹೆಂಗಸರು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ಡಬ್ಬಿ ಹಿಡಿದುಕೊಂಡೇ ನಿಂತೆ.

ಮರುದಿನ ಬಂಗಲೆಯ ಜವಾನ ಅವಳ ಟ್ರಂಕನ್ನು ನಮ್ಮ ಬಾಗಿಲಲ್ಲಿಟ್ಟು ಹೋದ. ಮುಷ್ಕರ ಮುಗಿದಾಗ ಎಲ್ಲರಿಗೂ ಕೆಲಸ ಮರಳಿ ಸಿಕ್ಕಿತು, ಅಣ್ಣನೊಬ್ಬನನ್ನು ಬಿಟ್ಟು. ಅವನ ಪರವಾಗಿ ಯಾರೂ ಕೇಳಲಿಲ್ಲ.

ಅವರಿಬ್ಬರೂ ಕ್ಯಾಸಲ್‌ರಾಕಿಗೆ ಹೋದರು. ಅಣ್ಣ ರೈಲು ಹಳಿಯ ಕೆಲಸಕ್ಕೆ ಸೇರಿದ. ಅಕ್ಕೋರು ಹೋಗಿ ನನಗೆ ವೈನಿಯಾದವಳು ರೈಲ್ವೆಯವರ ಮಕ್ಕಳಿಗೆ ಅಂಗಿ ಹೊಲಿಯುತ್ತಿದ್ದಳು. ವೈನಿ ಬಸುರಿಯೆಂದು ಕಾಗದ ಬಂದ ದಿನ ಅವ್ವ ಯಾರಿಗೂ ಹೇಳದೆ ಅವಳಿಗೆಂದು ಅಳ್ಳಿಟ್ಟಿನ ಉಂಡಿ ಕಟ್ಟಿ, "ಯಾವ ಗಾಡಿ ಹೋಗತೈತಿ ಅಲ್ಲಿಗೆ?" ಎಂದು ನನ್ನನ್ನು ಕೇಳಿದಳು.