ರುಖವತದ ಗಿಳಿಹಾಸು

ನಮ್ಮ ಮನೆಯ ಟಿವಿ ತೆಳ್ಳಗಾದ ದಿನ ಒಂದು ಯುಗ ಮುಗಿಯಿತು. ಅದಕ್ಕೂ ಮೊದಲು ಟಿವಿಗೆ ಬೆನ್ನಿತ್ತು, ಭುಜವಿತ್ತು, ನೆತ್ತಿಯ ಮೇಲೆ ಹರವಾದ ಜಾಗವಿತ್ತು. ಆ ಜಾಗದಲ್ಲಿ ಅಕ್ಕ ಹೆಣೆದ ಕ್ರೋಶಾದ ಬಿಳಿ ಹಾಸು, ಹಾಸಿನ ಮೇಲೆ ಪ್ಲಾಸ್ಟಿಕ್ ಗುಲಾಬಿ. ಗೋಡೆಗೆ ಅಂಟಿಕೊಳ್ಳುವ ಹೊಸ ಟಿವಿ ಬಂದಾಗ ಅಕ್ಕ ಅದರ ಅಂಚನ್ನು ಬೆರಳಿಂದ ಸವರಿ, "ಇದಕ್ಕೊಂದ ಉಡದಾರ ಕಟ್ಟಬಹುದು ತಮ್ಮಾ, ಮತ್ತೇನೂ ನಿಲ್ಲಂಗಿಲ್ಲ" ಎಂದಳು.

ನಾನು ಅಥಣಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಸಾಮ್ರಾಜ್ಯಗಳು ಬೀಳಲು ಕಾರಣಗಳೇನೆಂದು ಮಕ್ಕಳಿಗೆ ಬರೆಸಿ ಬರೆಸಿ ಕೈ ಸವೆಸಿಕೊಂಡಿದ್ದೇನೆ. ನಮ್ಮ ಮನೆಯೊಳಗಿನ ಸಾಮ್ರಾಜ್ಯ ಬಿದ್ದದ್ದನ್ನು ಮಾತ್ರ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ. ಅದರ ಉಚ್ಛ್ರಾಯ ಕಾಲದಲ್ಲಿ ಮನೆಯ ಯಾವ ವಸ್ತುವಿಗೂ ಬರಿಮೈಯಲ್ಲಿ ತಿರುಗುವ ಸ್ವಾತಂತ್ರ್ಯವಿರಲಿಲ್ಲ. ರೇಡಿಯೋಕ್ಕೆ ಅಂಗಿ, ಮಿಕ್ಸರಿಗೆ ಟೊಪ್ಪಿಗೆ, ಫ್ರಿಜ್ಜಿನ ಹಿಡಿಕೆಗೆ ಕೈಚೀಲ, ಗ್ಯಾಸ್ ಸಿಲಿಂಡರಿಗೆ ಝಾಲರಿನ ಲಂಗ. ಬಾಲವಾಡಿಯಲ್ಲಿ ಕಲಿಸುತ್ತಿದ್ದ ಅಕ್ಕ ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕುಳಿತಳೆಂದರೆ ದಾರದ ಉಂಡೆ ಅವಳ ಮಡಿಲಲ್ಲಿ ಬೆಕ್ಕಿನ ಮರಿಯಂತೆ ಹೊರಳಾಡುತ್ತಿತ್ತು. ಓಣಿಯವರು, ಬೀಗರು, ಬೀಗರ ಬೀಗರು, ಎಲ್ಲರಿಗೂ ಹೆಣೆದುಕೊಟ್ಟಳು.

ಅವಳ ಕಣ್ಣಿಗೆ ಕಾಚಬಿಂದು ಹತ್ತಿ, ನೋಟ ಅಂಚಿನಿಂದ ಒಳಗೊಳಗೆ ಮುಚ್ಚಿಕೊಳ್ಳುತ್ತ ಬಂದ ಹೊತ್ತಿಗೆ ಸರಿಯಾಗಿ ಜಗತ್ತಿಗೆ ಕ್ರೋಶಾದ ಮೇಲೆ ಮತ್ತೆ ಪ್ರೀತಿ ಹುಟ್ಟಿತು. ಜಗತ್ತಿನ ಹೊತ್ತಿನ ಪ್ರಜ್ಞೆಯೇ ಅಂಥದು. ನನ್ನ ಮೊಬೈಲಿನಲ್ಲಿ ಕಾಲೇಜು ಹುಡುಗಿಯರು ಉಲ್ಲನ್ನಿನ ಸೂರ್ಯಕಾಂತಿ ಹೆಣೆದು ಮಾರತೊಡಗಿದರು. ಸಮಾರಂಭಗಳಲ್ಲಿ ಅತಿಥಿಗಳಿಗೆ ಬಾಡದ ಹೂಗುಚ್ಛ ಬಂತು. ಒಂದು ದಿನ ಯಾರೋ ಸಿನಿಮಾ ನಟಿ ಮೈತುಂಬ ತೂತುಗಳಿರುವ ರವಿಕೆ ತೊಟ್ಟು ಸಮುದ್ರದ ದಂಡೆಯಲ್ಲಿ ನಿಂತ ಚಿತ್ರ ಬಂದಿತು.

"ಅಕ್ಕಾ, ಸಿನಿಮಾದಾಕಿ ನಿನ್ನ ಫ್ರಿಜ್ಜಿನ ಹಾಸು ಹಾಕ್ಕೊಂಡ ನಿಂತಾಳ ನೋಡು" ಎಂದೆ.

"ಒಳಗೇನರ ಹಾಕ್ಕೊಂಡಾಳೋ ಇಲ್ಲೋ?"

"ಅದನ್ನ ನೋಡಾಕತ್ತೀನಿ."

"ಬಾಳ ಹೊತ್ತ ನೋಡಬ್ಯಾಡ. ಮನ್ಯಾಗ ಒಬ್ಬರ ಕಣ್ಣರ ಇರಲಿ."

ಅವಳು ಹಾಗೆಯೇ. ತನ್ನ ಕಣ್ಣಿನ ವಿಷಯವನ್ನು ಪಕ್ಕದ ಮನೆಯವರ ಜಗಳದ ಸುದ್ದಿಯಂತೆ ಆಡುತ್ತಾಳೆ. ಆದರೆ ಆ ದಿನಗಳಲ್ಲಿ ಅವಳಿಗೆ ಒಂದು ಹಂಬಲ ಹತ್ತಿತ್ತು. ಅದನ್ನು ಮಾತ್ರ ಚೇಷ್ಟೆಯಾಗಿ ಆಡುತ್ತಿರಲಿಲ್ಲ. ಎಂದೋ ಕೈಬಿಟ್ಟುಹೋದ ತನ್ನ ಗಿಳಿಹಾಸನ್ನು ಇನ್ನೊಮ್ಮೆ ಕೈಯಲ್ಲಿ ಹಿಡಿಯಬೇಕು. "ಉಳಿದದ್ದೆಲ್ಲ ಮಂದಿ ಸಲುವಾಗಿ ಮಾಡಿದ್ದು. ಅದೊಂದ ನಂದು" ಎನ್ನುತ್ತಿದ್ದಳು.

ನಮ್ಮ ಗಡಿಯ ಕಡೆಯ ಮದುವೆಗಳಲ್ಲಿ ರುಖವತ ಎಂಬುದೊಂದುಂಟು. ಹೆಣ್ಣಿನ ಕಡೆಯವರು ಮಂಟಪದ ಬದಿಗೆ ಉದ್ದನೆಯ ಮೇಜು ಹಾಕಿ, ಲಾಡು ಕರ್ಚಿಕಾಯಿಗಳ ಜೊತೆ ಹುಡುಗಿಯ ಕೈಕೆಲಸವನ್ನೆಲ್ಲ ಜೋಡಿಸಿಡುತ್ತಾರೆ. ಅಡಿಕೆಯ ಗಣಪ್ಪ, ಕೊಬ್ಬರಿ ಬಟ್ಟಲಿನ ಮದುಮಕ್ಕಳು, ಮಣಿಯ ನವಿಲು, ಎಲ್ಲದರ ಕೆಳಗೆ ಹಾಸು. ಮೇಲೆ ಥರ್ಮಾಕೋಲಿನ ಅಕ್ಷರಗಳಲ್ಲಿ ಮದುಮಗಳ ಹೆಸರು. ಗಂಡಿನ ಕಡೆಯ ಹೆಂಗಸರು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಮಗುಚಿ ನೋಡುತ್ತ ಸಾಗುವಾಗ, ಬೋರ್ಡ್ ಪರೀಕ್ಷೆಯ ತಪಾಸಣಾ ದಳ ನೆನಪಾಗುತ್ತಿತ್ತು.

ಅಕ್ಕನೂ ತನ್ನ ರುಖವತಕ್ಕೆಂದು ದೊಡ್ಡ ಹಾಸೊಂದನ್ನು ಹೆಣೆದಿದ್ದಳು. ಎದುರುಬದುರು ಎರಡು ಗಿಳಿ, ನಡುವೆ ದ್ರಾಕ್ಷಿಯ ಗೊಂಚಲು. ಹೊಸ ನಮೂನೆಯೇನಲ್ಲ. ಯಾವುದೋ ಮರಾಠಿ ಮಾಸಪತ್ರಿಕೆಯ ಚೌಕಳಿ ಚಿತ್ರ. ಅಥಣಿಯಿಂದ ನಿಪ್ಪಾಣಿಯವರೆಗೆ ಆ ಪ್ರಾಯದ ಹುಡುಗಿಯರೆಲ್ಲ ಅದನ್ನೇ ನೋಡಿ ಹೆಣೆದಿದ್ದರು. ಅಕ್ಕನ ಕೈ ಮಾತ್ರ ಬಿಗಿ. ದಾರವನ್ನು ಕಿರುಬೆರಳಿಗೆ ಸುತ್ತಿ ಎಳೆಯುತ್ತಿದ್ದಳು. ಅವಳು ಹೆಣೆದದ್ದನ್ನು ಅಂಗೈಯಲ್ಲಿ ಸವರಿದರೆ ಬಿಳಿಜೋಳದ ತೆನೆ ಹಿಡಿದಂತೆ ಕಾಳುಕಾಳಾಗಿ ತಾಗುತ್ತಿತ್ತು.

ಹಾಸು ತಯಾರಾಯಿತು. ಮದುವೆ ತಯಾರಾಗಲಿಲ್ಲ. ನೋಡಲು ಬಂದವರು ಅವಲಕ್ಕಿ ತಿಂದರು, ಚಹಾ ಕುಡಿದರು, "ತಿಳಸ್ತೀವ್ರಿ" ಎಂದು ಹೋದರು. ಅವರಲ್ಲಿ ಕೆಲವರು ತೀರಿಕೊಂಡೂ ಆಯಿತು. ಇನ್ನು ತಿಳಿಸುವ ಸಂಭವ ಕಡಿಮೆ.

ಆಗ ಐಗಳಿಯ ನಮ್ಮ ಸಂಬಂಧಿಕರ ಹುಡುಗಿಗೆ ಲಗ್ನ ನಿಕ್ಕಿಯಾಯಿತು. ಆ ಹುಡುಗಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ. "ಒಂದ ದಿನದ ಮಾತು, ಮೇಜಿನ ಮ್ಯಾಲ ಹಾಸಿ ತಿರುಗಿ ಕೊಡ್ತೀವಿ" ಎಂದು ಅವಳ ತಾಯಿ ಕೇಳಿದಳು. ನಮ್ಮವ್ವ ಕೊಟ್ಟಳು. ಅಲ್ಲಿಂದ ಹಾಸಿನ ದಿಗ್ವಿಜಯ ಆರಂಭವಾಯಿತು. ಐಗಳಿಯಲ್ಲಿ ಬೀಗಿತ್ತಿಯರು ಮೆಚ್ಚಿದ್ದು ಕೇಳಿ ರಾಯಬಾಗದವರು ಒಯ್ದರು, ಅವರಿಂದ ಚಿಕ್ಕೋಡಿಯವರು. ಒಂದೊಂದು ಊರಲ್ಲೂ ಹೊಸ ಮದುಮಗಳ ಹೆಸರಿನ ಕೆಳಗೆ ಅದು ಮಲಗಿತು. ಯಾವ ಪುರೋಹಿತನೂ ಅಷ್ಟು ಅಕ್ಷತೆ ಕಂಡಿರಲಿಕ್ಕಿಲ್ಲ. ಕಡೆಯ ಸುದ್ದಿ ಕೊಗನೊಳ್ಳಿಯಿಂದ ಬಂದಿತ್ತು. ಆಮೇಲೆ ಅವ್ವ ಹೋದಳು. ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಕಾಗವಾಡದ ನಮ್ಮ ಚಿಕ್ಕವ್ವನ ಮರಿಮೊಮ್ಮಗಳು ಚಿತ್ರಕಲೆ ಕಲಿತವಳು. ಊರೂರು ತಿರುಗಿ, ಜನ ಟ್ರಂಕಿನಲ್ಲಿ ಮರೆತಿದ್ದ ಕ್ರೋಶಾದ ಹಾಸುಗಳನ್ನು ಕೇಳಿ ತಂದು, ಮಿರಜಿನ ಒಂದು ಸಭಾಗೃಹದಲ್ಲಿ ಪ್ರದರ್ಶನ ಇಟ್ಟಿದ್ದಳು. ಕಬ್ಬಿಣದ ಆಂಗಲ್ಲು ನಿಲ್ಲಿಸಿ, ತಂತಿ ಎಳೆದು, ದ್ರಾಕ್ಷಿ ಚಪ್ಪರವನ್ನೇ ಕಟ್ಟಿದ್ದಳು. ಎಲೆ ಬಳ್ಳಿಗಳ ಜಾಗದಲ್ಲಿ ನಮ್ಮ ಕಾಲದ ಟಿವಿ ಹಾಸು, ತೋರಣ, ತಟ್ಟೆಯ ಮುಚ್ಚಣಿಕೆಗಳು. ಅವುಗಳ ನಡುವೆ ಎರಡು ಗಿಳಿ.

"ಅಕ್ಕಾ, ಗಿಳಿ ಅದಾವ" ಎಂದೆ.

"ಗಿಳಿ ಎಲ್ಲಾರ ಮನ್ಯಾಗೂ ಇದ್ದುವು." ಮೊಬೈಲಿನ ಗಾಜನ್ನು ಬೆರಳಿಂದ ಸವರಿದಳು. "ಮುಟ್ಟಿದ್ರ ಹೇಳ್ತೀನಿ. ಮಿರಜಿಗೆ ಯಾವಾಗ ಹೋಗೂದೈತಿ?"

ಕಣ್ಣು ತೋರಿಸಲು ಹೇಗೂ ಮಿರಜಿಗೇ ಹೋಗಬೇಕಿತ್ತು. ಹೋದೆವು. ಡಾಕ್ಟರರು ದೀಪ ಹಚ್ಚಿ, ದೀಪ ಆರಿಸಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, "ಅಜ್ಜಿ, ಹೋದದ್ದು ಬರೂದಿಲ್ಲ. ಇದ್ದದ್ದು ಎಷ್ಟು ದಿನ ಇರತೈತಿ ನೋಡೂಣು" ಎಂದರು. ಅಕ್ಕ ಅವರಿಗೆ ಕೈಮುಗಿದು ಹೊರಗೆ ಬಂದಳು. ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದು, "ಮನುಷ್ಯಾ ಚೊಲೋ ಅದಾನ. ಸುಳ್ಳ ಹೇಳಾಕ ಬರೂದಿಲ್ಲ ಪಾಪ" ಎಂದಳು. ಆಮೇಲೆ ರಿಕ್ಷಾದಲ್ಲಿ ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಳ್ಳುತ್ತ ಕುಳಿತಳು.

ಸಭಾಗೃಹದಲ್ಲಿ ದೇವಸ್ಥಾನಕ್ಕಿಂತ ಹೆಚ್ಚು ಶಾಂತಿಯಿತ್ತು, ಕಡಿಮೆ ಜನರಿದ್ದರು. ಬಾಗಿಲಲ್ಲೇ ಒಂದು ಫಲಕ: ದಾರ, ರೆಸಿನ್, ಕಬ್ಬಿಣ, ಅನಾಮಿಕ ಮಹಿಳೆಯರ ಕೈಕೆಲಸ. ಅಕ್ಕನಿಗೆ ಓದಿ ಹೇಳಿದೆ. "ಅನಾಮಿಕ ಅಂದ್ರ ನಾವೇನು?" ಎಂದಳು. ಹೌದೆಂದೆ. ಮಾನಪತ್ರ ಸ್ವೀಕರಿಸಿದವರಂತೆ ತಲೆಯಾಡಿಸಿದಳು.

ಅವಳು ಕೈ ಚಾಚಿದಳು. ಮೂಲೆಯಲ್ಲಿ ಕುರ್ಚಿ ಹಾಕಿ ಕುಳಿತಿದ್ದ ಕಾವಲುಗಾರ ಎದ್ದು ಬಂದು, "ಆಜೀ, ಹಾತ್ ಲಾವೂ ನಕಾ" ಎಂದ.

"ಮುಟ್ಟಬ್ಯಾಡ ಅಂತ ಮಾಡಿದಾಕಿಗೇ ಹೇಳ್ತಿಯಲ್ಲೋ ಯಪ್ಪಾ" ಎಂದಳು ಅಕ್ಕ. ಅವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಮುಖ ಸಣ್ಣದಾಯಿತು.

ಅಷ್ಟರಲ್ಲಿ ಪ್ರದರ್ಶನ ಇಟ್ಟ ಹುಡುಗಿ ಓಡಿ ಬಂದಳು. ಅಕ್ಕನನ್ನು ಅಜ್ಜಿ ಎಂದಳು, ಎರಡೇ ವರ್ಷ ಚಿಕ್ಕವನಾದ ನನ್ನನ್ನು ಕಾಕಾ ಎಂದಳು. ತಲೆಗೆ ಹಚ್ಚಿಕೊಂಡ ಬಣ್ಣದ ಪುಣ್ಯ. ಒಳ್ಳೆಯ ಹುಡುಗಿ. ವಿಷಯ ತಿಳಿದ ಕೂಡಲೇ ಕಾವಲುಗಾರನನ್ನು ಕೂರಿಸಿ, ಅಕ್ಕನ ಕೈಯನ್ನು ತಾನೇ ಹಿಡಿದು ಗಿಳಿಗಳ ಮೇಲೆ ಇಟ್ಟಳು.

ಅಕ್ಕನ ಬೆರಳು ಗಿಳಿಯ ಕೊಕ್ಕಿನಿಂದ ಹೊರಟು ರೆಕ್ಕೆಗೆ ಬಂದು ನಿಂತವು. ಮತ್ತೆ ಹಿಂದಕ್ಕೆ ಹೋದವು. ಅಂಗೈ ಅಗಲಿಸಿ ಇಟ್ಟಳು, ಉಗುರಿನಿಂದ ಕೆರೆದಳು, ಅಂಚನ್ನು ಎರಡು ಬೆರಳ ನಡುವೆ ಹಿಡಿದು ಹೊಸೆಯಲು ನೋಡಿದಳು. ಹಾಸು ಬಾಗಲಿಲ್ಲ. ನಾನೂ ಮುಟ್ಟಿದೆ. ಸಂತೆಯ ಪ್ಲಾಸ್ಟಿಕ್ ಬುಟ್ಟಿ ಮುಟ್ಟಿದ ಹಾಗಿತ್ತು. ದಾರದ ಸಂದುಸಂದಿಗೂ ರೆಸಿನ್ ಎಂಬ ಅಂಟು ಇಳಿದು ಗಟ್ಟಿಯಾಗಿ, ಮೇಲೆಲ್ಲ ಒಂದೇ ನುಣುಪು.

"ಇದರಂಥದ್ದ ಇನ್ನೂ ಅದಾವೇನವಾ?" ಎಂದಳು.

ಇನ್ನೆರಡು ಗಿಳಿಹಾಸುಗಳಿದ್ದವು. ಅವನ್ನೂ ಮುಟ್ಟಿದಳು. ಅವೂ ಹಾಗೆಯೇ ಇದ್ದವು.

"ಕೊಗನೊಳ್ಳಿಯಿಂದ ಬಂದದ್ದ ಯಾವುದು?"

ಹುಡುಗಿಯ ಮುಖ ಕೆಂಪಾಯಿತು. "ಅಲ್ಲಿಂದ ಒಂದ ಗಂಟು ಬಂದಿತ್ತ ಅಜ್ಜಿ. ಖರೇ. ಆದ್ರ ಎಲ್ಲಾ ಕೂಡಿಸಿ ಒಂದ ಟಬ್ಬಿನ್ಯಾಗ ತೊಳದೆ. ಯಾವುದು ಯಾವ ಊರದು ಅಂತ..." ಮೊದಲನೆಯ ಗಿಳಿಗಳನ್ನು ತೋರಿಸಿ, "ಇದ ನಿಮ್ದ ಇರಬೇಕು ಅಜ್ಜಿ. ಭಾಳ ಚಂದ ಬಂದೈತಿ. ನಿಮ್ಮ ಹೆಸರ ಬರದ ಹಾಕ್ತೀನಿ" ಎಂದಳು.

ಸುಮ್ಮನೆ ಹೌದೆನ್ನಲಿ ಎಂದು ನನಗನ್ನಿಸಿತು. ಹಾಗೆ ಹೇಳಿಯೂ ಹೇಳಿದೆ. "ಹೂಂ ಅನ್ನಕ್ಕಾ. ಯಾರ ಕೇಳಾಕ ಬರ್ತಾರ?"

"ಗೊತ್ತಾಗವಲ್ತು" ಎಂದಳು ಅಕ್ಕ. ಕೈ ಇನ್ನೂ ಅಲ್ಲೇ ಇತ್ತು. "ಗೊತ್ತಿಲ್ಲದ ಹೆಂಗ ಹೂಂ ಅನ್ನಲಿ? ಮತ್ತೊಬ್ಬಾಕಿದಿದ್ರ?"

"ಆಕಿ ಯಾರಂತನೂ ಗೊತ್ತಿಲ್ಲಲ್ಲ ಅಜ್ಜಿ" ಎಂದಳು ಹುಡುಗಿ.

"ಹೂಂ. ನನ್ನ ಹೆಸರ ಹಾಕಿದ್ರ ಮುಂದೂ ಗೊತ್ತಾಗಂಗಿಲ್ಲ."

ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಹುಡುಗಿ ಕುರ್ಚಿ ತಂದು ಕೂರಿಸಿ ಚಹಾ ತರಿಸಿದಳು. ಅಕ್ಕ ಚಹಾ ಕುಡಿದು ಅವಳ ಕೆನ್ನೆ ಸವರಿ, ಚಪ್ಪರ ಚೆನ್ನಾಗಿ ಕಟ್ಟಿದ್ದಿ, ಊಟ ಮಾಡಿದಿಯೋ ಇಲ್ಲವೋ ಎಂದು ಕೇಳಿದಳು. ಆ ಹೊತ್ತಿನಲ್ಲಿ ಹುಡುಗಿ ನನ್ನನ್ನು ಬದಿಗೆ ಕರೆದು ಒಂದಷ್ಟು ಮಾತು ಹೇಳಿದಳು. ಅವಳ ಕಣ್ಣು ತುಂಬಿದ್ದವು. ನಾನು ಮಾಸ್ತರನ ಗಾಂಭೀರ್ಯದಿಂದ "ಇರಲಿ, ಇರಲಿ" ಎಂದೆ. ಏನು ಇರಲಿ ಎಂದು ನನಗೂ ತಿಳಿದಿರಲಿಲ್ಲ.

ಅಥಣಿಯ ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿಯ ಬದಿ ಸಿಕ್ಕಿತು. ಕಾಗವಾಡ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಹೊರಗೆ ಹೊತ್ತು ಇಳಿಯುತ್ತಿತ್ತು; ಅವಳಿಗೆ ಎಷ್ಟು ಕಾಣುತ್ತಿತ್ತೋ ನಾನು ಕೇಳಲಿಲ್ಲ.

"ಅದಕ್ಕ ಯಾಕ ಹಂಗ ಗಟ್ಟಿ ಮಾಡ್ಯಾಳ?" ಎಂದಳು ಆಮೇಲೆ.

"ಇಲ್ಲಾಂದ್ರ ಜೋತ ಬೀಳತೈತಂತ. ಹಿಂಗ ಮಾಡಿದ್ರ ಹುಳ ಹತ್ತಂಗಿಲ್ಲ, ನೀರ ಹತ್ತಂಗಿಲ್ಲ. ನಾವೆಲ್ಲ ಹೋದ ಮ್ಯಾಲೂ ಇರತೈತಿ ಅಂದ್ಳು."

"ಆ ಅಂಟು ಮತ್ತ ಬಿಡಿಸಾಕ ಬರ್ತೈತೇನು?"

"ಬರೂದಿಲ್ಲಂತ. ನಾ ಕೇಳಿದೆ."

ಅಕ್ಕ ಮಡಿಲಲ್ಲಿ ಎಡಗೈಯ ಕಿರುಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡಳು. "ಹಂಗಾದ್ರ ಇನ್ನ ಕೇಳೂದ ಬ್ಯಾಡ ಬಿಡು" ಎಂದಳು.

ಅಂದಿನಿಂದ ಅಕ್ಕ ಗಿಳಿಹಾಸನ್ನು ಕೇಳಿಲ್ಲ.