ಬಾಸಿಂಗ ಕಟ್ಟಿದ ಗೊಂಬೆ

ಕಪ್ಪು ಮನುಷ್ಯರಿಗೆ ಕಪ್ಪು ಬಣ್ಣ ಹಚ್ಚಬಾರದು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಹೇಳಿಕೊಡುವವರು ಅಲ್ಲಿ ಇರಲೂ ಇಲ್ಲ. ಅಮೆರಿಕದಲ್ಲಿ, ಕ್ಯಾಂಪ್‌ಬೆಲ್ಲಿನ ನಮ್ಮ ಅಪಾರ್ಟ್‌ಮೆಂಟಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಾಬಿ ಅಂಗಡಿಯಿತ್ತು. ಬೆರಳುದ್ದದ ಸೀಸದ ಸಿಪಾಯಿಗಳು, ರಾಣಿಯರು, ಕುದುರೆಗಳು ಅಲ್ಲಿ ಬಣ್ಣವಿಲ್ಲದೆ ಪೊಟ್ಟಣದಲ್ಲಿ ಸಿಗುತ್ತಿದ್ದವು. ಮನೆಗೆ ತಂದು ಬಣ್ಣ ಹಚ್ಚುವುದು ಕೊಂಡವರ ಕೆಲಸ. ನಮ್ಮವರು ಬೆಳಿಗ್ಗೆ ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದರು. ನನಗೆ ಈ ಗೊಂಬೆಗಳ ಚಟ ಹತ್ತಿತು. ಅಂಗಡಿಯಲ್ಲಿ ಚರ್ಮದ ಬಣ್ಣವೆಂದು ಚೀಟಿ ಅಂಟಿಸಿದ ಬಾಟಲಿಯೊಳಗೆ ಇದ್ದದ್ದು ಗುಲಾಬಿ. ನನ್ನಂಥವರು ಬೇಕಿದ್ದರೆ ಬೂಟ್ ಪಾಲಿಶಿನಂಥ ಒಂದು ಕಂದು ಇತ್ತು. ಅದನ್ನು ಬಳಿದರೆ ಗೊಂಬೆ ಬೂಟಿನ ಹಾಗೇ ಕಾಣುತ್ತಿತ್ತು.

ಆ ಬೇಸಿಗೆಯಲ್ಲಿ ಮೈಸೂರಿನಿಂದ ನನ್ನ ತಂಗಿ ಬಂದಳು. ಊರು ನೋಡಲು ಎಂದು ಹೆಸರಿಗೆ. ಇಲ್ಲಿಯಾದರೂ ಒಂದು ಗಂಡು ಗೊತ್ತಾದೀತು ಎಂದು ಅಪ್ಪ ಕಳಿಸಿದ್ದು. ಮೈಸೂರಿನಲ್ಲಿ ಅವಳನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ಕೇಸರಿಬಾತು ತಿಂದು, ಹಾಡು ಹೇಳಿಸಿ, ಕೈ ತೊಳೆದುಕೊಂಡು ಹೋಗಿದ್ದರು. ‘ಹುಡುಗಿಗೆ ಸ್ವಲ್ಪ ಬಣ್ಣ ಕಡಿಮೆ’ ಎಂಬುದು ಆಮೇಲೆ ಬೇರೆ ಯಾರದೋ ಬಾಯಿಂದ ನಮ್ಮ ಕಿವಿಗೆ ಬೀಳುತ್ತಿತ್ತು. ಬಣ್ಣ ಕಡಿಮೆಯಂತೆ. ಬಣ್ಣವೇನು ಪಾಯಸದ ಸಕ್ಕರೆಯೇ, ಕಡಿಮೆ ಬೀಳಲು? ನಾನೂ ಅದೇ ಬಣ್ಣದವಳು. ನಮ್ಮವರು ಹೆಣ್ಣು ನೋಡಲು ಬಂದಾಗ ಕರೆಂಟು ಹೋಗಿತ್ತು ಎಂದು ನನ್ನ ನಾದಿನಿ ಹತ್ತು ಜನರ ಮುಂದೆ ನಗುನಗುತ್ತಾ ಹೇಳುತ್ತಿದ್ದಳು. ನಾನೂ ನಗಬೇಕಿತ್ತು, ನಗುತ್ತಿದ್ದೆ. ತಂಗಿಗೆ ಆ ನಗು ಬರುತ್ತಿರಲಿಲ್ಲ.

ಹತ್ತಿರದ ಸರಟೋಗಾದಲ್ಲಿ ಒಬ್ಬ ಡಾಕ್ಟರ ಮನೆಯಿತ್ತು, ನಮ್ಮ ಕಡೆಯವರೇ. ಮಗ ಇಂಜಿನಿಯರು, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವನು. ಒಂದು ಪಿಕ್‌ನಿಕ್ಕಿನಲ್ಲಿ ನನ್ನ ತಂಗಿಯನ್ನು ನೋಡಿದ. ಆಮೇಲೆ ಶನಿವಾರ ಶನಿವಾರ ಬಂದು, ಸ್ಕೂಲೊಂದರ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅವಳಿಗೆ ಕಾರು ಓಡಿಸುವುದನ್ನು ಕಲಿಸತೊಡಗಿದ. ಅವಳು ನಗುತ್ತಾ ಮನೆಗೆ ಬರುತ್ತಿದ್ದಳು. ಒಂದು ದಿನ ನನ್ನ ಹಳದಿ ಸೀರೆ ಕೇಳಿ ಉಟ್ಟುಕೊಂಡಳು. ಕಪ್ಪು ಹುಡುಗಿಗೆ ಹಳದಿ ಒಪ್ಪುವುದಿಲ್ಲವೆಂದು ನಮ್ಮಮ್ಮ ಅವಳಿಗೆ ಹುಟ್ಟಿದಾಗಿನಿಂದ ಹಳದಿ ಹಾಕಿಸಿದವಳೇ ಅಲ್ಲ. ಅವನು ಚೆನ್ನಾಗಿ ಕಾಣುತ್ತದೆ ಅಂದನಂತೆ. ಅಷ್ಟಕ್ಕೇ ಸೀರೆ ಅವಳದಾಯಿತು.

ಹುಡುಗನಿಗೂ ಅವಳಿಗೂ ಕೈ ಪಕ್ಕ ಕೈ ಇಟ್ಟರೆ ಒಂದೇ ಬಟ್ಟಲಿನಿಂದ ತೆಗೆದ ಬಣ್ಣ. ಅವನದು ಅಪ್ಪನ ಮೈಬಣ್ಣ. ತಾಯಿ ಮಾತ್ರ ಬಿಳಿ. ಸಾಲದ್ದಕ್ಕೆ ಮೇಲೊಂದು ಪದರ ಪೌಡರು ಬೇರೆ, ಕತ್ತಿನ ಹತ್ತಿರ ಎಲ್ಲಿ ನಿಲ್ಲಿಸಿದ್ದಾರೆಂದು ನನ್ನ ಕಣ್ಣಿಗೆ ಕಾಣುತ್ತಿತ್ತು. ಮಾತು ಬೆಣ್ಣೆಯಷ್ಟು ನುಣುಪು. ನಾನಾಗಿಯೇ ಅವರ ಮನೆಗೆ ಹೋಗಿ ಸಂಬಂಧದ ಮಾತೆತ್ತಿದೆ.

“ಪಿತೃಪಕ್ಷ ಅಲ್ವೇನಮ್ಮ, ಇಂಥ ಮಾತು ಆಡಬಾರದು,” ಅಂದರು ಹುಡುಗನ ತಾಯಿ. “ನವರಾತ್ರಿಗೆ ಗೊಂಬೆ ಆರತಿಗೆ ಬರ್ತೀರಲ್ಲ, ಆಗ ಗೊತ್ತಾಗತ್ತೆ.”

ಬಾಗಿಲವರೆಗೆ ಬಂದು ಮತ್ತೆ ಕರೆದರು. “ಅಂದ ಹಾಗೆ, ನೀನು ಪುಟ್ಟ ಪುಟ್ಟ ಗೊಂಬೆಗೆ ಬಣ್ಣ ಹಾಕ್ತೀಯಂತೆ. ನಂಗೊಂದು ಮದುವೆ ಸೆಟ್ಟು ಮಾಡಿಕೊಡು. ಹುಡುಗಿ ಮಾತ್ರ ಲಕ್ಷಣವಾಗಿರ್ಲಿ.”

ಲಕ್ಷಣ ಅಂದರೆ ಏನೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದವಳ ಹಾಗೆ ತಲೆಯಾಡಿಸಿದೆ. ಮದುವೆ ಸೆಟ್ಟು ಕೇಳಿದವರು ಮದುವೆ ಬೇಡ ಅನ್ನುತ್ತಾರೆಯೇ ಎಂಬುದು ನನ್ನ ಪೆದ್ದು ಲೆಕ್ಕ. ದಾರಿಯುದ್ದಕ್ಕೂ ಖುಷಿಯೋ ಖುಷಿ.

ಸೀಸದ ಸಿಪಾಯಿಗಳಿಗೆ ಮದುವೆ ಮಾಡುವುದೇನು ಸುಲಭವೇ? ಬ್ಯಾಂಡಿನವರ ಕೈಯ ತುತ್ತೂರಿ ಅರದಿಂದ ಉಜ್ಜಿ ಓಲಗ ಮಾಡಿದೆ. ಪಾದ್ರಿಯ ನಿಲುವಂಗಿ ಕೆರೆದು ಪುರೋಹಿತರನ್ನು ಮಾಡಿದೆ. ಮದುಮಗ ಮೊದಲು ಕುದುರೆ ಸವಾರ, ಕಾಲು ಅಗಲಿಸಿಕೊಂಡೇ ಹುಟ್ಟಿದವನು. ಮೇಣದಂಥ ಪುಟ್ಟಿಯಿಂದ ಪಂಚೆ ಉಡಿಸಿ ಆ ಕಾಲು ಮುಚ್ಚಿದೆ. ಯಾವುದೋ ದೇಶದ ರಾಣಿಯ ಕಿರೀಟ ತೆಗೆದು, ಸೂಜಿಯಿಂದ ಸೀರೆಯ ನಿರಿಗೆ ಒತ್ತಿ, ಹಣೆಗೆ ಬಾಸಿಂಗ ಕಟ್ಟಿದ ಮೇಲೆ ಮದುಮಗಳು ಬಂದಳು. ಉಳಿದದ್ದು ಮೈಬಣ್ಣ.

ತಂಗಿಯನ್ನು ಪ್ಯಾಟಿಯೋದ ಗಾಜಿನ ಬಾಗಿಲ ಹತ್ತಿರ ಕೂರಿಸಿ, ಅವಳ ಕೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟುಕೊಂಡೆ. ಕಂದಿಗೆ ಕೆಂಪು ಬೆರೆಸಿ ತಳದ ಪದರ. ನೆರಳಿಗೆ ಕಪ್ಪು ಹಾಕಿದರೆ ಮುಖ ಸುಟ್ಟ ಹಾಗಾಗುತ್ತದೆ, ಅದಕ್ಕೆ ಕಡುನೀಲಿ. ಬೆಳಕು ಬೀಳುವ ಕಡೆ ಬಿಳಿ ಸೇರಿಸಿದರೆ ಬೂದಿ ಮೆತ್ತಿದ ಹಾಗೆ, ಅದಕ್ಕೆ ಕಿತ್ತಳೆ, ಅದರ ಮೇಲೆ ಚೂರೇ ಚೂರು ಹಳದಿ ಮಣ್ಣಿನ ಬಣ್ಣ. ಎಲ್ಲವನ್ನೂ ನೀರಿನ ಹಾಗೆ ತೆಳ್ಳಗೆ ಮಾಡಿ ಒಂದರ ಮೇಲೊಂದು ಬಿಡಬೇಕು, ಒಣಗುವ ತನಕ ಕಾಯಬೇಕು. ಅಂಗೈಗೆ ಬೇರೆ ಬಣ್ಣ, ಕೆಳತುಟಿಗೆ ಬೇರೆ. ಕೊನೆಗೆ ಮೂಗಿನ ಮೇಲೆ ಒಂದು ಚುಕ್ಕೆ ಹೊಳಪು.

“ನನ್ನ ಕೈಯಲ್ಲಿ ನೀಲಿ ಇದ್ಯಾ ಅಕ್ಕ?”

“ಇದೆ. ಮೊಣಕೈ ಒಳಗೆ ನೋಡು. ಇಲ್ಲಿ ಕಿತ್ತಳೆ. ಗೆಣ್ಣಿನ ಹತ್ರ ಕೆಂಪು.”

“ಮತ್ತೆ ಎಲ್ರೂ ಬರೀ ಕಪ್ಪು ಅಂತಾರಲ್ಲ.”

“ಅವರಿಗೆ ಕಣ್ಣಿಲ್ಲ, ಬಿಡು.”

ಅವಳು ಕೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತನ್ನ ಕೈಯನ್ನು ಅವಳು ಹಾಗೆ ಆಸೆಯಿಂದ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮದುಮಗಳ ಸೀರೆಗೂ ಹಳದಿಯನ್ನೇ ಹಚ್ಚಿದೆ. ಅದೇ ಬಟ್ಟಲಿನ ಬಣ್ಣದಿಂದ ಮದುಮಗನ ಮುಖವನ್ನೂ ಮುಗಿಸಿ, ಹುಡುಗನ ಅಗಲ ಹಣೆ, ಗಿಡ್ಡ ಮೀಸೆ ಎಲ್ಲ ಕೂರಿಸಿದೆ. ಪಕ್ಕಪಕ್ಕ ನಿಲ್ಲಿಸಿದಾಗ ತಂಗಿ ನೋಡಿ ಒಳಗೆ ಹೋದಳು, ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದದ್ದು ಕೇಳಿಸಿತು. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಸೆಟ್ಟು ಕೊಟ್ಟ ದಿನ ಡಾಕ್ಟರ ಹೆಂಡತಿ ಕನ್ನಡಕ ಹಾಕಿಕೊಂಡು ಮದುಮಗಳನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ತುಂಬಾ ನ್ಯಾಚುರಲ್ ಆಗಿದೆ,” ಅಂದರು. ಕಾಫಿ ಕೊಟ್ಟು ಕಳಿಸಿದರು.

ನವರಾತ್ರಿಯ ಶನಿವಾರ ಸಂಜೆ ಆರತಿ. ನಮ್ಮವರು ಹೆಂಗಸರ ಗಲಾಟೆಯಲ್ಲಿ ನನಗೇನು ಕೆಲಸವೆಂದು ಮನೆಯಲ್ಲೇ ಉಳಿದರು. ಕಾರು ನಾನೇ ಓಡಿಸಿದೆ. ತಂಗಿ ಹಳದಿ ಸೀರೆ ಉಟ್ಟು, ಗುಂಗುರು ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕಿ, ದಾರಿಯಲ್ಲಿ ಎರಡೆರಡು ಸಲ ಕನ್ನಡಿ ಇಳಿಸಿ ನೋಡಿಕೊಂಡಳು. ಅವತ್ತು ಉತ್ತರ ಸಿಗುವ ದಿನ.

ಅವರ ಹಾಲ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಬಟ್ಟೆ ಹಾಸಿ ಗೊಂಬೆ ಕೂರಿಸಿದ್ದರು. ಮೇಲೆ ಪಟ್ಟದ ರಾಜ ರಾಣಿ, ಅವರ ಕೆಳಗೆ ದೇವರುಗಳು, ನಡುವೆ ಕಣ್ಣಿಗೆ ನೇರವಾಗಿ ನನ್ನ ಮದುವೆ ಸೆಟ್ಟು. ಓಲಗದವರು, ಪುರೋಹಿತರು, ಮಂಟಪದೊಳಗೆ ಮದುಮಗ. ಅವನ ಪಕ್ಕದಲ್ಲಿ ಗುಲಾಬಿ ಮುಖದ, ಹಳದಿ ಕೂದಲಿನ ಒಂದು ಪ್ಲಾಸ್ಟಿಕ್ ಗೊಂಬೆ. ಇಲ್ಲಿಯವರ ಮದುವೆ ಕೇಕಿನ ಮೇಲೆ ನಿಲ್ಲಿಸುತ್ತಾರಲ್ಲ, ಅದು. ಅದರ ಬಿಳಿ ಗೌನಿಗೆ ಒಂದು ತುಂಡು ಕೆಂಪು ರೇಷ್ಮೆ ಸುತ್ತಿದ್ದರು.

ನನ್ನ ಮದುಮಗಳು ಎಲ್ಲಿ ಎಂದು ಹುಡುಕಿದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಮಕ್ಕಳ ಅಡುಗೆ ಸೆಟ್ಟು ಜೋಡಿಸಿದ್ದರು. ಒಲೆ, ಒರಳು, ಪುಟ್ಟ ಪುಟ್ಟ ಪಾತ್ರೆಗಳ ರಾಶಿ. ಆ ರಾಶಿಯ ಮುಂದೆ ಅವಳು ನಿಂತಿದ್ದಳು. ಬಾಸಿಂಗ ಕಟ್ಟಿಕೊಂಡು ಪಾತ್ರೆ ತೊಳೆಯಲು ನಿಂತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಾಲಿಗೆ ಬಿಗಿಹಿಡಿದು, “ಆಂಟಿ, ಮದುಮಗಳು ಅಪ್ಪಿತಪ್ಪಿ ಕೆಳಗೆ ಬಂದಿದಾಳೆ, ಮೇಲಿಡ್ಲಾ?” ಅಂದೆ.

“ಅಯ್ಯೋ, ಕೂರಿಸಿದ ಮೇಲೆ ದಶಮಿವರೆಗೂ ಮುಟ್ಟೋ ಹಾಗಿಲ್ಲ ಕಣಮ್ಮ. ನಮ್ಮನೇಲಿ ಅದೆಲ್ಲ ತುಂಬಾ ಕಟ್ಟುನಿಟ್ಟು.” ಸುತ್ತಲಿನ ಹೆಂಗಸರ ಕಡೆ ತಿರುಗಿದರು. “ನೋಡಿದ್ರಾ, ಎಷ್ಟು ನ್ಯಾಚುರಲ್ ಆಗಿ ಮಾಡಿದಾಳೆ. ಥೇಟ್ ಇವಳ ತಂಗೀನೇ.”

ಲಾಸ್ ಆಲ್ಟೋಸಿನಿಂದ ಬಂದಿದ್ದ ಒಬ್ಬಾಕೆ ಬಗ್ಗಿ ಪಾತ್ರೆಯ ರಾಶಿ ನೋಡಿದಳು, ತಲೆಯೆತ್ತಿ ನನ್ನ ತಂಗಿಯನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಉಳಿದವರಿಗೂ ಅರ್ಥವಾಯಿತು. ಬೇಡ ಎನ್ನುವುದಕ್ಕೆ ಬಾಯಿ ಇರಲಿಲ್ಲವೇ ಈ ಡಾಕ್ಟರ ಹೆಂಡತಿಗೆ? ಫೋನು ಇರಲಿಲ್ಲವೇ? ಕಟುಕರಾದರೂ ಒಂದೇ ಏಟಿಗೆ ಮುಗಿಸುತ್ತಾರೆ.

ಅಷ್ಟರಲ್ಲಿ ಮಗ ಕ್ಯಾಮೆರಾ ಹಿಡಿದು ಬಂದ. ಅವನ ಕಣ್ಣು ಕೆಳಗಿನ ಮೆಟ್ಟಿಲಿಗೆ ಹೋಯಿತು, ಅಲ್ಲಿ ಒಂದು ಗಳಿಗೆ ನಿಂತಿತು, ತಿರುಗಿ ಕ್ಯಾಮೆರಾಕ್ಕೆ ಬಂತು. ನನ್ನ ತಂಗಿ ಅವನನ್ನೇ ನೋಡುತ್ತಿದ್ದಳು. ಏನಾದರೂ ಹೇಳುತ್ತಾನೆಂದು ಕಾಯುತ್ತಿದ್ದಳು. ಅವನು ಹೇಳಿದ.

“ನೀವು ಸ್ವಲ್ಪ ಲೈಟಿಗೆ ಬನ್ನಿ. ಫೇಸ್ ಬರಲ್ಲ.”

ಅವಳು ಲೈಟಿಗೆ ಬಂದಳು. ಅವನು ಫೋಟೋ ತೆಗೆದ.

“ಒಂದು ಹಾಡು ಹೇಳಮ್ಮ,” ಅಂದರು ತಾಯಿ. ಗೊಂಬೆಯ ಮುಂದೆ ಬಂದವರಿಗೆ ಹಾಡು ಹೇಳಿ ಅನ್ನುವುದು ನಮ್ಮ ಪದ್ಧತಿ. ಆದರೆ ಅವಳಿಗೆ ಅಲ್ಲಿ ಹಾಡು ಹೇಳು ಅನ್ನಲು ಎಂಥ ಎದೆ ಬೇಕು. ನಾನು ಬ್ಯಾಗು ಎತ್ತಿಕೊಂಡು ನಡಿಯೇ ಅಂದೆ. ಅವಳು ಚಾಪೆಯ ಮೇಲೆ ಕೂತು ದೇವಿಯ ಒಂದು ಹಾಡು ಪೂರ್ತಿ ಹಾಡಿದಳು. ಆರತಿ ಎತ್ತಿದಳು. ಅರಿಶಿನ ಕುಂಕುಮ ತೆಗೆದುಕೊಂಡಳು. ತೆಂಗಿನಕಾಯಿ, ರವಿಕೆ ಕಣ ಸೆರಗಿನಲ್ಲಿ ಹಾಕಿಸಿಕೊಂಡಳು.

ಆಮೇಲೆ ಗೊಂಬೆಗಳ ಹತ್ತಿರ ಹೋಗಿ, ಬಗ್ಗಿ, ಪಾತ್ರೆ ರಾಶಿಯ ಮುಂದಿನ ಮದುಮಗಳನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು. ಮಂಟಪಕ್ಕೆ ಕೈ ಚಾಚಿ ಮದುಮಗನನ್ನು ಎರಡು ಬೆರಳಿನಲ್ಲಿ ಹಿಡಿದು, ಮಗುವನ್ನು ಮಲಗಿಸುವ ಹಾಗೆ, ಅಂಗಾತ ಮಲಗಿಸಿದಳು.

ವಿಜಯದಶಮಿಯ ರಾತ್ರಿ ಹಬ್ಬ ಮುಗಿಯಿತೆಂದು ಗೊಂಬೆ ಮಲಗಿಸುತ್ತಾರೆ. ಅದಕ್ಕೆ ಮುಂಚೆ, ನಿಂತಿರುವ ಗೊಂಬೆಯನ್ನು ಯಾರೂ ಮಲಗಿಸುವುದಿಲ್ಲ. ಅದೂ ಮಂಟಪದಲ್ಲಿ. ಅದೂ ಮದುಮಗನನ್ನು. ಆ ಅಗಲ ಹಣೆ, ಆ ಗಿಡ್ಡ ಮೀಸೆ ಯಾರದೆಂದು ಅಲ್ಲಿದ್ದ ಒಬ್ಬರಿಗೂ ಹೇಳಬೇಕಾಗಿರಲಿಲ್ಲ.

“ಅವಳು ನಮ್ಮ ಜೊತೆ ಬರ್ತಾಳೆ ಆಂಟಿ,” ಅಂದಳು ತಂಗಿ. “ಇವರು ಮಲಗಿರ್ಲಿ.”

ಡಾಕ್ಟರ ಹೆಂಡತಿಯ ಮುಖದಿಂದ ರಕ್ತ ಇಳಿಯಿತು. ಪೌಡರಿನ ಅಡಿಯಲ್ಲಿ ಒಂದು ಹಸಿರು ಬಂತು. ಹೆದರಿದ ಬಿಳಿ ಮುಖಕ್ಕೆ ಹಸಿರು ಬೆರೆಸಬೇಕೆಂದು ನಾನು ಅವತ್ತು ಕಲಿತೆ. ಓಡಿಬಂದು ಸೀಸದ ಮಗನನ್ನು ಎತ್ತಿ ನಿಲ್ಲಿಸಿದರು, ಸೆರಗು ತಗುಲಿ ಅವನು ಮತ್ತೆ ಬಿದ್ದ. ಆಮೇಲೆ ಯಾವುದೋ ಶಾಂತಿ ಮಾಡಿಸಿದರೆಂದು ಕೇಳಿದೆ. ಚೆನ್ನಾಗಿ ಖರ್ಚಾಗಲಿ ಅಂದುಕೊಂಡೆ. ಇವತ್ತಿಗೂ ಹಾಗೇ ಅಂದುಕೊಳ್ಳುತ್ತೇನೆ.

ಕಾರಿನಲ್ಲಿ ನನಗೆ ಸಂಭ್ರಮ ತಡೆಯಲಾಗಲಿಲ್ಲ. ಸರಿಯಾಗಿ ಮಾಡಿದೆ ಕಣೆ, ಆ ಮುಖ ನೋಡಿದ್ಯಾ, ಜನ್ಮದಲ್ಲಿ ಮರೆಯಲ್ಲ ಅವಳು ಎಂದು ಫ್ರೀವೇ ಹತ್ತುವವರೆಗೂ ಬಡಬಡಿಸಿದೆ. ತಂಗಿ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಇಷ್ಟು ಚೆನ್ನಾಗಿ ಮಾಡಬಾರದಿತ್ತು ಅಕ್ಕ ನೀನು,” ಅಂದಳು. “ಅಂಗಡಿ ಬಣ್ಣ ಬಳಿದಿದ್ರೆ ಯಾವುದೋ ಗೊಂಬೆ ಕೆಳಗಿಟ್ಟಿದಾರೆ ಅಂದ್ಕೋತಿದ್ದೆ. ಬಂದವರಿಗೂ ಗೊತ್ತಾಗ್ತಿರಲಿಲ್ಲ. ನೀನು ನನ್ನನ್ನೇ ಮಾಡಿಕೊಟ್ಟೆ.”

ವೀಸಾ ಮುಗಿಯುವುದಕ್ಕೆ ಮುಂಚೆಯೇ ಅವಳು ಮೈಸೂರಿಗೆ ಹೊರಟಳು. ಏರ್‌ಪೋರ್ಟಿನಿಂದ ಬಂದು ಬಟ್ಟೆಯ ಕ್ಲಾಸೆಟ್ಟು ತೆಗೆದಾಗ ಹಳದಿ ಸೀರೆ ನನ್ನ ಸೀರೆಗಳ ಅಡಿಯಲ್ಲಿ ಮಡಿಸಿಟ್ಟಿತ್ತು.