ಮನೆಗೆ ಬಾರದ ಪಾರ್ಸಲ್

ಅವ್ವನ ಕಿವಿಗೆಂದು ನಾನು ತರಿಸಿದ ಮಷೀನು ತಿಂಗಳಾದರೂ ನಮ್ಮೂರು ಶೇಡಬಾಳ ಮುಟ್ಟಲಿಲ್ಲ. ದಿನವೂ ಮೊಬೈಲ್ ನೋಡುವುದು, ಕುರಿಯರ್‌ನವರಿಗೆ ಫೋನ್ ಹಚ್ಚುವುದು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಜಗಳ ಆಡುವುದು. ಕೊನೆಗೊಂದು ದಿನ ‘ತಲುಪಿಸಲಾಗಿದೆ’ ಎಂದು ಮೆಸೇಜ್ ಬಂತು. ಸಂಜೆ ಚಿಕ್ಕೋಡಿಯ ಕಾಲೇಜಿನಿಂದ ಬಂದು ಕೇಳಿದರೆ ಅವ್ವ, “ಮನಿಗೇನೂ ಬಂದಿಲ್ಲಪಾ” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಪಾರ್ಸಲ್ ಹಂಚುವವರನ್ನು ಜೈನ ಬಸ್ತಿಯ ಕಟ್ಟೆಯ ಮುಂದೆ ತಡೆದೆ. ನನಗಿಂತ ಹತ್ತು ವರ್ಷ ದೊಡ್ಡ ಮನುಷ್ಯ, ಓಣಿಗೆಲ್ಲ ಮಾಮಾ.

“ಎಲ್ಲಿ ಮಾರಿ ತಿಂದಿ?” ಎಂದೆ. ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿದರು.

“ಸಿಟ್ಟ ಮಾಡಬ್ಯಾಡ್ರಿ ಸರ. ಎಲ್ಲೂ ಹೋಗಿಲ್ಲ, ಸಿಗತೈತಿ.”

“ಕದ್ದಿದ್ದಲ್ದ, ಮ್ಯಾಲ ನನಗ ಬುದ್ಧಿ ಹೇಳತಿ?”

ಅವರು ತಲೆ ತಗ್ಗಿಸಿದರು. ಕಳ್ಳ ಸಿಕ್ಕಿಬಿದ್ದನೆಂದು ತಿಳಿದು ನಾನು ಇನ್ನಷ್ಟು ಕೂಗಾಡಿದೆ.

ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ಬಂದಿತ್ತು. ಅವ್ವ ಅಳುತ್ತಿದ್ದಳು.

“ಅವಂಗ್ಯಾಕ ಬೈದಿ? ನಾನ ಅವನ ಮನ್ಯಾಗ ಇಡಸೀನಿ. ಚಾತುರ್ಮಾಸ ಮುಗಿಯೂತನಕ ಹೊಸಾದೇನೂ ಮನಿಯೊಳಗ ತಗೊಳ್ಳೂದಿಲ್ಲಂತ ಮುನಿ ಮಹಾರಾಜರ ಮುಂದ ನೇಮ ಮಾಡೀನಿ. ನಿನಗ ಹೇಳಬ್ಯಾಡ ಅಂತ ಅವಂಗ ಆಣಿ ಹಾಕಿದ್ದೆ.”

“ನನಗ್ಯಾಕ ಹೇಳಬಾರದು?”

“ನಿನ್ನ ಬಾಯಿಗೆ ಅಂಜಿ.”

ನಾಚಿಕೆಯಿಂದ ನೆಲ ನೋಡಿದೆ. ಆಗಲೇ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಹೋಗಲಿಲ್ಲ. ಓಣಿಯಲ್ಲಿ ಅವರ ಗಾಡಿ ಸದ್ದಾದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ, ನಲವತ್ತೈದು ವರ್ಷದ ಮೇಷ್ಟ್ರು!

ಅಷ್ಟರಲ್ಲಿ ಪರ್ಯೂಷಣ ಹಬ್ಬ ಮುಗಿದು, ನಮ್ಮ ಜೈನರಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ ಬಂತು. ಬೆಳಿಗ್ಗೆ ಚಹಾ ಕುಡಿಯುತ್ತಲೇ ಬಳಗಕ್ಕೆಲ್ಲ ಮೊಬೈಲಿನಲ್ಲಿ ಕ್ಷಮೆ ಕಳಿಸಿದೆ, ನಾನು ಏನೂ ಮಾಡದವರಿಗೂ. ಅದನ್ನೇ ಮಾಮಾ ಅವರ ನಂಬರಿಗೂ ಕಳಿಸಲು ಹೊರಟಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎದ್ದು ಅವರ ಮನೆಗೆ ಹೋದೆ.

ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಡ, ಅವರ ಮುಖ ಬಿಳಿಚಿಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಓಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಡಬ್ಬಿ ತಂದರು.

“ನೋಡ್ರಿ ಸರ, ಟೇಪ ಸೈತ ಬಿಚ್ಚಿಲ್ಲ. ಬೇಕಾದ್ರ ತಿರುವಿ ನೋಡ್ರಿ.”

ಕ್ಷಮೆ ಕೇಳಿ ಮುಗಿಯಲೆಂದು ನಾನು ಎರಡೂ ಕೈ ಎತ್ತಿದ್ದೆ. ಡಬ್ಬಿ ಕೇಳುತ್ತಿದ್ದೇನೆಂದು ತಿಳಿದು, ಅವರು ಅದನ್ನು ಆ ಕೈಗಳಲ್ಲೇ ಇಟ್ಟರು.